ಲೆಕ್ಕಕ್ಕುಂಟು, ಆಟಕ್ಕಿಲ್ಲ

ಆಟವೆಂದರೆ ಕಾಲಹರಣ, ಪಾಠವೆಂದರೆ ಕಾಲದ ಸದ್ವಿನಿಯೋಗ ಎಂದು ಇವೆರಡರ ನಡುವೆ ಗೋಡೆಯೊಂದನ್ನು ಎಬ್ಬಿಸಿಕೊಳ್ಳುವುದು ಹಿರಿಯರ ವಾಡಿಕೆ. ಮಕ್ಕಳು ಆ ಗೋಡೆಯನ್ನು ಮನ್ನಿಸುವವರಲ್ಲ. ಅವರು ಪಾಠದ ನಡುವೆ ಆಡುವರು, ಆಟದ ನಡುವೆ ಕಲಿಯುವರು. ಯಾವ ಆಟವೇ ಆಗಲಿ, ಅದರ ನಿಯಮಗಳನ್ನು ಕಲಿಯುವುದೆಂದರೆ ಲೋಕವನ್ನು ಒಂದು ಬಗೆಯಲ್ಲಿ ನೋಡಲು ಕಲಿಯುವುದೇ ಸರಿ. ಪಗಡೆಯನ್ನು ಕಲಿತವನು ತನ್ನ ಕೈಮೀರಿದ ಶಕ್ತಿಯೊಂದುಂಟೆಂದು ಒಪ್ಪಿಕೊಳ್ಳುವನು. ಚದುರಂಗವನ್ನು ಕಲಿತವನು ತನ್ನ ಮನಸ್ಸಿಗಿಂತ ಎದುರಾಳಿಯ ಮನಸ್ಸನ್ನು ಹೆಚ್ಚಾಗಿ ಓದಬೇಕೆಂದು ಅರಿಯುವನು. ಅಳಗುಳಿಮಣೆಯ ಮುಂದೆ ಕುಳಿತ ಹುಡುಗಿಯು ಒಂದು ಗುಳಿ ಬರಿದಾಗದೆ ಇನ್ನೊಂದು ತುಂಬದೆಂಬುದನ್ನು ಬೆರಳ ತುದಿಯಿಂದಲೇ ತಿಳಿದುಕೊಳ್ಳುವಳು. ಹೀಗಿರುವಲ್ಲಿ ಸಾಮ್ರಾಜ್ಯವನ್ನು ಕಟ್ಟುವುದನ್ನೇ ಆಟವಾಗಿ ಮಾಡಿದರೆ ಅದನ್ನು ಕಲಿಯುವವನು ಏನನ್ನು ಕಲಿಯುವನು? ಗೆಲ್ಲುವ ಉಪಾಯವನ್ನು ಮಾತ್ರವೋ, ಅದರ ಜೊತೆಗೆ ಮತ್ತೇನನ್ನಾದರೂ ಕಲಿಯುವನೋ? ಮನೆಯಲ್ಲಿ ಮಕ್ಕಳಿರುವವರು ವಿಚಾರಿಸತಕ್ಕ ಪ್ರಶ್ನೆಯಿದು.

ಇಂತಹ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಸಿವಿಲೈಜೇಷನ್’, ಎಂದರೆ ‘ನಾಗರಿಕತೆ’ ಎಂಬುದು. 1991ರಲ್ಲಿ ಅಮೆರಿಕೆಯ ಸಿಡ್ ಮೇಯರ್, ಬ್ರೂಸ್ ಶೆಲ್ಲಿ ಎಂಬವರು ಇದನ್ನು ಕಂಪ್ಯೂಟರಿಗಾಗಿ ರಚಿಸಿದರು. ಮುಂದೆ ಇದರ ಹೊಸ ಹೊಸ ರೂಪಗಳು ಹೊರಬಂದು 2025ರಲ್ಲಿ ಏಳನೆಯದು ಪ್ರಕಟವಾಯಿತು. ಈ ಪರಂಪರೆಯಲ್ಲಿ ನಾಲ್ಕನೆಯದು 2005ರದು. ಅದರ ಪ್ರಧಾನ ರಚನಕಾರನು ಸೋರೆನ್ ಜಾನ್ಸನ್. ನಿಯಮಗಳ ಹೊಂದಿಕೆಯಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲವೆಂದು ಹೇಳುವ ಆಟಗಾರರು ಇಂದಿಗೂ ಉಂಟು. ಪ್ರಕೃತ ವಿಚಾರಕ್ಕೆ ಆ ನಾಲ್ಕನೆಯದನ್ನೇ ಆರಿಸಿಕೊಳ್ಳಬಹುದು.

ಆಟವು ಕ್ರಿ.ಪೂ. 4000ದಲ್ಲಿ ಆರಂಭವಾಗುವುದು. ಕತ್ತಲು ಕವಿದ ಭೂಪಟದ ನಡುವೆ ಆಟಗಾರನಿಗೆ ಊರು ಹೂಡುವ ಒಂದು ತಂಡವೂ ಅದರ ಕಾವಲಿಗೋ ದಾರಿ ಹುಡುಕುವುದಕ್ಕೋ ಇನ್ನೊಂದು ಕಾಯಿಯೂ ದೊರೆಯುವುವು. ಚದುರಂಗದಲ್ಲಿದ್ದಂತೆ ಇಲ್ಲಿಯೂ ಸರದಿಯುಂಟು. ಒಬ್ಬನು ತನ್ನ ಕೆಲಸವನ್ನು ಮುಗಿಸಿ ಸರದಿಯನ್ನು ಬಿಟ್ಟುಕೊಟ್ಟ ಮೇಲೆಯೇ ಮತ್ತೊಬ್ಬನದು. ಅವಸರವಿಲ್ಲ, ಒಂದು ನಡೆಗಾಗಿ ಗಂಟೆಗಟ್ಟಲೆ ಯೋಚಿಸಿದರೂ ಕೇಳುವವರಿಲ್ಲ. ಭೂಮಿಯೆಲ್ಲ ಚೌಕಾಬಾರದ ಹಾಸಿನಂತೆ ಮನೆಮನೆಯಾಗಿ ಭಾಗವಾಗಿರುವುದು. ಒಂದೊಂದು ಮನೆಯೂ ಆಹಾರವನ್ನೋ, ಸುತ್ತಿಗೆಯ ಗುರುತಿನಿಂದ ತೋರಿಸುವ ದುಡಿಮೆಯನ್ನೋ, ಹಣವನ್ನೋ ಕೊಡುವುದು. ಊರಿನ ಪ್ರತಿಯೊಬ್ಬ ಪ್ರಜೆಯೂ ಒಂದು ಮನೆಯನ್ನು ದುಡಿಯುವನು. ಪ್ರತಿಯೊಬ್ಬನೂ ಸರದಿಯೊಂದಕ್ಕೆ ಎರಡು ಅಳತೆ ಆಹಾರವನ್ನು ಉಣ್ಣುವನು. ಹುಲ್ಲುಗಾವಲಿನ ಮನೆಯು ಕೊಡುವುದೂ ಎರಡೇ ಅಳತೆ. ಆದುದರಿಂದ ಅಲ್ಲಿ ದುಡಿಯುವವನು ತನ್ನ ಹೊಟ್ಟೆಗೆ ಮಾತ್ರ ಸಾಲುವನು. ಹೊಳೆಯ ಮೆಕ್ಕಲು ಭೂಮಿಯಲ್ಲಾದರೆ ಮೂರು ಅಳತೆ ಬೆಳೆದು ಒಂದು ಮಿಗುವುದು. ಮಿಕ್ಕುದು ಕೂಡುತ್ತ ಕೂಡುತ್ತ ಊರಿನ ಜನಸಂಖ್ಯೆಯು ಒಂದರಂತೆ ಏರುವುದು. ನಾಲ್ವರ ಊರು ಐವರದಾಗಲು 28 ಅಳತೆ ಆಹಾರವು ಕೂಡಬೇಕು. ಐವರದು ಆರಾಗಲು 30. ಕಣಜವನ್ನು ಕಟ್ಟಿಕೊಂಡ ಊರಿನಲ್ಲಿ ಅದರ ಅರ್ಧವು ಮುಂದಿನ ಬೆಳವಣಿಗೆಗೆ ಉಳಿಯುವುದು.

ಹೊಸಬನು ಮೊದಲು ಎಡವುವುದು ದುರಾಸೆಯಲ್ಲಿ. ಊರುಗಳು ಹೆಚ್ಚಿದಷ್ಟೂ ರಾಜ್ಯವು ದೊಡ್ಡದಾಗುವುದೆಂದು ಬಗೆದು ಸಿಕ್ಕ ಸಿಕ್ಕ ಕಡೆಯಲ್ಲೆಲ್ಲ ಊರನ್ನು ಹೂಡುವನು. ಆದರೆ ಊರುಗಳ ಸಂಖ್ಯೆಯೂ ಅರಮನೆಯಿಂದ ಅವುಗಳ ದೂರವೂ ಹೆಚ್ಚಿದಂತೆಲ್ಲ ಆಡಳಿತದ ವೆಚ್ಚವು ಏರುವುದು. ಬೊಕ್ಕಸ ಬರಿದಾಗುವುದು, ವಿದ್ಯೆಗೆ ಕೊಡಲು ಕಾಸಿಲ್ಲದೆ ನೆರೆಯವರು ಮುಂದಾಗುವರು. ಹಲವು ಸಲ ಸೋತ ಮೇಲೆ ಕಲಿಯುವವನಿಗೆ ತಾಳ್ಮೆ ಬರುವುದು. ಇಂದಿನ ಒಂದು ಅಳತೆ ಆಹಾರಕ್ಕೆ ನೂರು ಸರದಿಯಾಚೆ ಏನು ಬೆಲೆಯೆಂದು ತೂಗಿ ನೋಡುವ ಬುದ್ಧಿಯು ಹುಟ್ಟುವುದು. ಯಾವುದನ್ನು ಪಡೆಯಬೇಕಾದರೂ ಇನ್ನಾವುದನ್ನೋ ಬಿಡಬೇಕೆಂಬ ಅರಿವು ಸಣ್ಣದಲ್ಲ. ಬರಿಯ ಕಾಲಹರಣವೆಂದು ಈ ಆಟವನ್ನು ಜರೆಯುವವರು ಇಷ್ಟನ್ನಾದರೂ ಮನಸ್ಸಿಗೆ ತಂದುಕೊಳ್ಳತಕ್ಕುದು.

ಕಂಚನ್ನು ಕರಗಿಸುವ ವಿದ್ಯೆಯು ದೊರೆತೊಡನೆ ಆಟಗಾರನ ಮುಂದೆ ಹೊಸದೊಂದು ವ್ಯವಸ್ಥೆಯು ತೆರೆಯುವುದು. ಅದರ ಹೆಸರು ದಾಸ್ಯ. ಅದನ್ನು ಅಂಗೀಕರಿಸಿದ ರಾಜ್ಯದಲ್ಲಿ ಊರಿನ ಜನರನ್ನು ಬಲಿಕೊಟ್ಟು ಅರ್ಧಕ್ಕೆ ನಿಂತ ಕಟ್ಟಡವನ್ನು ಒಂದೇ ಸರದಿಯಲ್ಲಿ ಮುಗಿಸಬಹುದು. ಸಾಮಾನ್ಯ ಗತಿಯ ಆಟದಲ್ಲಿ ಒಬ್ಬ ಪ್ರಜೆಗೆ 30 ಸುತ್ತಿಗೆಯ ಬೆಲೆ. ಒಂದೇ ಸಲಕ್ಕೆ ಊರಿನ ಅರ್ಧಕ್ಕಿಂತ ಹೆಚ್ಚು ಜನರನ್ನು ತೆಗೆಯುವಂತಿಲ್ಲ. ಇದರಿಂದ ಉಳಿದವರಲ್ಲಿ ಅಸಮಾಧಾನವು ಹುಟ್ಟಿ 10 ಸರದಿಗಳ ತನಕ ಇರುವುದು. ಆದರೆ ಒಂದೇ ಏಟಿಗೆ ಒಬ್ಬನನ್ನು ತೆಗೆದರೂ ಮೂವರನ್ನು ತೆಗೆದರೂ ಈ ಅಸಮಾಧಾನದ ಪ್ರಮಾಣವು ಒಂದೇ. ಆದುದರಿಂದ ಒಬ್ಬೊಬ್ಬರನ್ನಾಗಿ ತೆಗೆಯುವುದಕ್ಕಿಂತ ಹಲವರನ್ನು ಒಟ್ಟಿಗೆ ತೆಗೆಯುವುದು ಲಾಭವೆಂದು ಬಲ್ಲವರು ಹೊಸಬರಿಗೆ ಹೇಳಿಕೊಡುವರು. ಅನ್ನ ಹೇರಳವಾಗಿದ್ದು ಕಣಜವೂ ಇರುವ ಊರಿನಲ್ಲಿ ಜನರು ಬೇಗ ಬೆಳೆಯುವರು. ಅಲ್ಲಿ ಈ ಉಪಾಯವನ್ನು ಮತ್ತೆ ಮತ್ತೆ ಬಳಸಬಹುದು. ಆಟಗಾರರ ಮಾತಿನಲ್ಲಿ ಇದಕ್ಕೆ ‘ಚಾಟಿ’ ಎಂದು ಹೆಸರು. ಚಾಟಿಯನ್ನು ಹಿಡಿಯಲು ಬಾರದವನಿಗೆ ಆಟವೇ ಬಾರದೆಂದು ನುರಿತವರ ಅಭಿಪ್ರಾಯ.

ಇದನ್ನು ಕಲಿಯುವ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಅಣ್ಣನು ತಂಗಿಗೆ ಆಟವನ್ನು ಹೇಳಿಕೊಡುತ್ತಿರುವನು. ಅವಳ ಊರಿನಲ್ಲಿ ಆರು ಜನ. ಗ್ರಂಥಾಲಯವನ್ನು ಕಟ್ಟಲು 90 ಸುತ್ತಿಗೆ ಬೇಕು, 30 ಕೂಡಿವೆ. ಅಣ್ಣನು ಗುಂಡಿಯೊಂದನ್ನು ತೋರಿಸಿ ಒತ್ತೆನ್ನುವನು. ಅವಳು ಒತ್ತುವಳು. ಗ್ರಂಥಾಲಯವು ಎದ್ದು ನಿಲ್ಲುವುದು. ಊರಿನ ಹೆಸರಿನ ಪಕ್ಕದ ಆರು ನಾಲ್ಕಾಗುವುದು.

“ಅಣ್ಣಾ, ಆ ಇಬ್ಬರು ಎಲ್ಲಿಗೆ ಹೋದರು?”

“ಎಲ್ಲಿಗೂ ಇಲ್ಲ, ಗ್ರಂಥಾಲಯವಾದರು. ಊರಿನಲ್ಲಿ ಅನ್ನವಿದೆ, ಕಣಜವಿದೆ; ಮತ್ತೆ ಇಬ್ಬರು ಬರುತ್ತಾರೆ ಬಿಡು.”

“ಅವರೇ ಬರುತ್ತಾರೇನು?”

ಅಣ್ಣನು ನಕ್ಕು ಮುಂದಿನ ಸರದಿಗೆ ಹೋಗೆನ್ನುವನು. ಆ ಹುಡುಗಿಯ ಎರಡನೆಯ ಪ್ರಶ್ನೆಗೆ ಆಟದ ಯಾವ ನಿಯಮದಲ್ಲಿಯೂ ಉತ್ತರವಿಲ್ಲ. ಈ ಲೇಖನದ ವಿಷಯವೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿರುವುದು.

ಇಲ್ಲಿ ಕೆಲವರು ಹೀಗೆ ಆಕ್ಷೇಪಿಸಬಹುದು: ‘ಇದೆಲ್ಲ ಅತಿಯಾದ ಕರುಣೆ. ಅಳಿದುದು ಒಂದು ಅಂಕಿ. ಚದುರಂಗದ ಕಾಲಾಳು ಹೊಡೆತಕ್ಕೆ ಸಿಕ್ಕಾಗ ಯಾರಾದರೂ ಸೂತಕ ಹಿಡಿಯುವರೇ?’ ಆಕ್ಷೇಪವು ಬಹುಮಟ್ಟಿಗೆ ಸರಿಯಾದುದು. ಗುಂಡಿಯನ್ನು ಒತ್ತಿದ ಹುಡುಗಿಯಿಂದ ಯಾವ ಪ್ರಾಣಿಗೂ ನೋವಾಗಲಿಲ್ಲ. ಅವಳನ್ನು ಪಾಪಿಯೆನ್ನುವುದು ಅವಿವೇಕ. ಆದರೆ ಚದುರಂಗದ ಕಾಲಾಳಿಗೂ ಈ ಪ್ರಜೆಗೂ ವ್ಯತ್ಯಾಸವೊಂದುಂಟು. ಕಾಲಾಳು ಮರದ ತುಂಡು. ತಾನು ಉಣ್ಣುವೆನೆಂದಾಗಲಿ ದುಃಖಪಡುವೆನೆಂದಾಗಲಿ ಅದು ಹೇಳಿಕೊಳ್ಳುವುದಿಲ್ಲ. ಈ ಆಟದ ಪ್ರಜೆಯಾದರೋ ಉಣ್ಣುವನು, ರೋಗಕ್ಕೆ ಅಂಜುವನು, ದೇವಾಲಯವಿದ್ದರೆ ಸಂತೋಷಪಡುವನು, ನೆರೆಯವನನ್ನು ಬಲಿಕೊಟ್ಟರೆ ಮುನಿಯುವನು. ಇಷ್ಟನ್ನೂ ನಿಯಮವೇ ಅವನಿಗೆ ಕೊಟ್ಟಿದೆ. ಅಲ್ಲದೆ ಊರಿನ ಅಂಕಿಯೊಂದಕ್ಕೆ ಎಷ್ಟು ಜನರು ಸಮನೆಂಬ ಗಣನೆಯನ್ನೂ ಆಟವೇ ಬೇರೊಂದೆಡೆ ತೋರಿಸುವುದು. ಅದರಂತೆ ಆರರ ಊರಿನಲ್ಲಿ 1,50,000 ಜನ. ನಾಲ್ಕರ ಊರಿನಲ್ಲಿ 48,000. ಎಂದರೆ ಹುಡುಗಿಯು ‘ಆ ಇಬ್ಬರು’ ಎಂದು ಕೇಳಿದುದು 1,02,000 ಜನರ ವಿಷಯವಾಗಿ. ಅವರ ನೆನಪು ಊರಿನಲ್ಲಿ ಉಳಿಯುವುದು 10 ಸರದಿ. ಪ್ರಾಚೀನ ಯುಗದಲ್ಲಿ ಒಂದು ಸರದಿಗೆ 40 ವರ್ಷವಾದುದರಿಂದ ಅದು 400 ವರ್ಷಗಳ ದುಃಖವಾಗುವುದು. ಆ ಬಳಿಕ ಎಲ್ಲವೂ ಅಳಿಸಿಹೋಗುವುದು. ಕ್ರಿ.ಪೂ. 4000ದಿಂದ ಕ್ರಿ.ಶ. 2050ರ ತನಕ ಸಾವಿಲ್ಲದೆ ಆಳುವ ದೊರೆಯೊಬ್ಬನಿಗೆ 400 ವರ್ಷವೆಂದರೆ ಹತ್ತು ಸಲ ಗುಂಡಿಯನ್ನು ಒತ್ತುವಷ್ಟು ಹೊತ್ತು!

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ‘ಚರಿತ್ರೆಯು ನಡೆದುಬಂದುದೇ ಹಾಗೆ. ಪಿರಮಿಡ್ಡುಗಳ ಅಂದವನ್ನು ಮಾತ್ರ ಹೊಗಳಿ ಹೊರೆ ಹೊತ್ತವರನ್ನು ಮರೆಯುವ ಪಾಠಪುಸ್ತಕಕ್ಕಿಂತ, ಕಟ್ಟಡಕ್ಕೆ ಜನರ ಪ್ರಾಣವೇ ಬೆಲೆಯೆಂದು ಬಿಚ್ಚಿ ತೋರಿಸುವ ಆಟವು ಸತ್ಯಕ್ಕೆ ಹತ್ತಿರವಲ್ಲವೇ?’ ಎಂದು ಕೇಳುವವರುಂಟು. ಇದನ್ನು ಒಪ್ಪಿಕೊಳ್ಳಲೇಬೇಕು. ದಾಸ್ಯವನ್ನು ನಡೆಸಿದವರೆಲ್ಲರೂ ರಾಕ್ಷಸರಾಗಿದ್ದರೆಂದು ತಿಳಿದ ಬಾಲಕನು ಆ ಚರಿತ್ರೆಯಿಂದ ಏನನ್ನೂ ಕಲಿಯಲಿಲ್ಲ. ಅವರಲ್ಲಿ ಬಹು ಮಂದಿ ಲೆಕ್ಕವನ್ನು ಬಲ್ಲ ಗೃಹಸ್ಥರೇ. ಕ್ರೌರ್ಯಕ್ಕೆ ಕೆಂಗಣ್ಣು ಬೇಕಿಲ್ಲ, ಕೂಡುವ ಕಳೆಯುವ ಜಾಣ್ಮೆಯಿದ್ದರೆ ಸಾಕೆಂಬುದನ್ನು ಈ ಆಟದ ಚಾಟಿಯು ಕಲಿಸುವಷ್ಟು ಚೆನ್ನಾಗಿ ಕಲಿಸುವ ಪುಸ್ತಕಗಳು ವಿರಳ. ಅದೂ ಹೇಗೆ? ಕಲಿಯುವವನ ಕೈಯಿಂದಲೇ ಗುಂಡಿಯನ್ನು ಒತ್ತಿಸಿ, ‘ಇದರಿಂದ ಎಷ್ಟು ಅನುಕೂಲವಾಯಿತು!’ ಎಂದು ಅವನ ಮನಸ್ಸು ಒಳಗೇ ಹಿಗ್ಗುವಂತೆ ಮಾಡಿ.

ಇಷ್ಟೇ ಅಲ್ಲ. ರಚನಕಾರರು ಚಾಟಿಗೆ ಎದುರಾದ ನಿಯಮಗಳನ್ನೂ ಇಟ್ಟಿರುವರು. ಪ್ರಜಾಪ್ರಭುತ್ವದ ವಿದ್ಯೆಯು ಬಂದ ಮೇಲೆ ದಾಸ್ಯವಿಮೋಚನೆಯೆಂಬ ವ್ಯವಸ್ಥೆಯು ದೊರೆಯುವುದು. ನೆರೆಯ ರಾಜ್ಯಗಳು ಅದನ್ನು ಸ್ವೀಕರಿಸಿದರೆ, ಸ್ವೀಕರಿಸದ ರಾಜ್ಯದ ಜನರು ಮುನಿಯತೊಡಗುವರು. 2007ರಲ್ಲಿ ಬಂದ ವಿಸ್ತರಣದಲ್ಲಿ ದಾಸರು ದಂಗೆಯೇಳುವ ಪ್ರಸಂಗವೂ ಸೇರಿತು. ಆದುದರಿಂದ ಆಟವನ್ನು ಕಟ್ಟಿದವರನ್ನು ಕಟುಕರೆಂದು ಭಾವಿಸುವುದು ಅನ್ಯಾಯ.

ಆದರೆ ಇಲ್ಲಿಯೇ ವಿಷಯದ ಗಂಟು ಇರುವುದು. ವಿಮೋಚನೆಯೂ ಆಟದೊಳಗೆ ಬರುವುದು ಲಾಭದ ವೇಷದಲ್ಲಿಯೇ. ದಾಸರನ್ನು ಬಿಡುವುದು ಯಾವಾಗ? ಬಿಡದಿದ್ದರೆ ನಷ್ಟವಾದಾಗ. ದಂಗೆಗೆ ಅಂಜುವುದೇಕೆ? ಅದಕ್ಕೆ ವೆಚ್ಚವಾಗುವುದರಿಂದ. ನಿಯಮವೆಂಬುದು ‘ಹೀಗೆ ಮಾಡಿದರೆ ಇಷ್ಟು ಕಳೆದುಕೊಳ್ಳುವೆ’ ಎಂದು ಹೇಳಬಲ್ಲುದು. ‘ಹೀಗೆ ಮಾಡತಕ್ಕುದಲ್ಲ’ ಎಂದು ಹೇಳಲಾರದು. ದಂಡವನ್ನು ಹತ್ತು ಪಾಲು ಹೆಚ್ಚಿಸಿದರೂ ಅದು ದಂಡವೇ ಹೊರತು ಧರ್ಮವಾಗದು. ನಷ್ಟವೆಂಬುದು ಬೇರೆ, ತಪ್ಪೆಂಬುದು ಬೇರೆ. ಈ ಎರಡು ಮಾತುಗಳು ಒಂದೇ ಎಂದು ತೋರತೊಡಗಿದ ದಿನ ಮನುಷ್ಯನು ಆಟವನ್ನು ಕಲಿತು ಮುಗಿಸಿದನೆನ್ನಬಹುದು; ಆದರೆ ಅವನು ಇನ್ನೇನನ್ನೋ ಮರೆತನು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರಲ್ಲಿ ಪ್ರಕಟಿಸಿದ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಈ ಭೇದವನ್ನು ತಿಳಿಯಾಗಿ ವಿವರಿಸಿರುವನು. ಯಾವುದಕ್ಕೆ ಬದಲಾಗಿ ಸಮನಾದ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆಯುಂಟು; ಯಾವುದರ ಸ್ಥಾನದಲ್ಲಿ ಇನ್ನೊಂದನ್ನು ಇಡಲಾಗದೋ ಅದಕ್ಕಿರುವುದು ಬೆಲೆಯಲ್ಲ, ಘನತೆ ಎಂಬುದು ಅವನ ವಾದದ ತಾತ್ಪರ್ಯ. ‘ಮತ್ತೆ ಇಬ್ಬರು ಬರುತ್ತಾರೆ’ ಎಂದ ಅಣ್ಣನು ಬೆಲೆಯ ಮಾತನ್ನಾಡಿದನು. ‘ಅವರೇ ಬರುತ್ತಾರೇನು?’ ಎಂದ ತಂಗಿಯು ಘನತೆಯ ಮಾತನ್ನಾಡಿದಳು. ಅವಳು ಕಾಂಟನನ್ನು ಓದಿರಲಿಲ್ಲ. ಮನೆಯಲ್ಲಿ ಒಂದು ಸಾವನ್ನು ಕಂಡ ಮಗುವಿಗೆ ಆ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಆಟದಲ್ಲಿ ಭಾರತದ ಪರವಾಗಿ ಆಡುವವರಿಗೆ ಇಬ್ಬರು ನಾಯಕರು ದೊರೆಯುವರು: ಗಾಂಧೀಜಿ ಮತ್ತು ಅಶೋಕ. ಇಬ್ಬರಿಗೂ ‘ಆಧ್ಯಾತ್ಮಿಕ’ ಎಂಬ ಗುಣವನ್ನು ಆರೋಪಿಸಿರುವರು. ಆಟದೊಳಗೆ ಆ ಗುಣದ ಮುಖ್ಯ ಪ್ರಯೋಜನವೇನೆಂದರೆ, ರಾಜ್ಯವ್ಯವಸ್ಥೆಯನ್ನು ಬದಲಾಯಿಸುವಾಗ ಉಳಿದವರಿಗೆ ಉಂಟಾಗುವ ಅರಾಜಕತೆಯು ಇವರಿಗೆ ಇಲ್ಲ. ಆದುದರಿಂದ ಬೇಕಾದಾಗ ದಾಸ್ಯವನ್ನು ಹಿಡಿದು ಬೇಡವಾದಾಗ ಬಿಡಲು ಗಾಂಧೀಜಿಯ ಹೆಸರಿನಲ್ಲಿ ಆಡುವವನಿಗೆ ವಿಶೇಷ ಅನುಕೂಲವಿದೆ! ಇದು ಯಾರ ದುರುದ್ದೇಶವೂ ಅಲ್ಲ. ಹೆಸರನ್ನೂ ಮುಖವನ್ನೂ ನಿಯಮದೊಳಕ್ಕೆ ತಂದರೂ ಒಬ್ಬ ಮನುಷ್ಯನು ಯಾವುದಕ್ಕಾಗಿ ಬದುಕಿದನೋ ಅದು ನಿಯಮದೊಳಕ್ಕೆ ಬರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಅಶೋಕನ ವಿಷಯವು ಇನ್ನೂ ಗಂಭೀರವಾದುದು. ಏಕೆಂದರೆ ಆತನು ನಿಜವಾಗಿಯೂ ಲೆಕ್ಕವನ್ನು ಬರೆಯಿಸಿದ ಅರಸು. ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಕಳಿಂಗಯುದ್ಧದ ಗಣನೆಯುಂಟು: ಸೆರೆಯಾಗಿ ಒಯ್ಯಲ್ಪಟ್ಟವರು ಒಂದೂವರೆ ಲಕ್ಷ, ಕೊಲೆಯಾದವರು ಒಂದು ಲಕ್ಷ, ಬೇರೆ ವಿಧದಲ್ಲಿ ಸತ್ತವರು ಅದರ ಎಷ್ಟೋ ಪಾಲು. ಗೆದ್ದ ಅರಸರು ಇಂತಹ ಸಂಖ್ಯೆಗಳನ್ನು ಹೆಮ್ಮೆಯಿಂದ ಕೆತ್ತಿಸಿದುದು ಚರಿತ್ರೆಯಲ್ಲಿ ವಿರಳವಲ್ಲ. ಅಶೋಕನು ಕೆತ್ತಿಸಿದುದು ಪಶ್ಚಾತ್ತಾಪಕ್ಕಾಗಿ. ಅಂದು ಅಳಿದವರ ನೂರರಲ್ಲಿ, ಸಾವಿರದಲ್ಲಿ ಒಂದು ಪಾಲು ಜನರಿಗೆ ಇಂದು ಅದೇ ಗತಿಯಾದರೂ ತನಗೆ ದುಸ್ಸಹವೆಂದು ಆತನು ಸಾರಿರುವನು. ಗುಣಾಕಾರದಿಂದ ಕಡಮೆಯಾಗದ, ಭಾಗಾಕಾರದಿಂದಲೂ ಹಗುರವಾಗದ ಭಾರವೊಂದನ್ನು ಆತನು ಕಂಡನು. ಕಳಿಂಗದ ಅಧಿಕಾರಿಗಳಿಗೆಂದು ಬರೆಯಿಸಿದ ಬೇರೆ ಎರಡು ಶಾಸನಗಳಲ್ಲಿ ಜನರೆಲ್ಲರನ್ನೂ ತನ್ನ ಮಕ್ಕಳಂತೆ ಎಣಿಸಿರುವನು. ಆ ಶಾಸನಗಳ ಪಾಠವು 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆಯಿತು. ಮಕ್ಕಳನ್ನು ಎಣಿಸುವ ತಾಯಿಯೂ ಅಂಕಿಯನ್ನೇ ಬಳಸುವಳು; ಆದರೆ ಒಂದು ಕಡಮೆಯಾದರೆ ಯಾರೆಂದು ಕೇಳುವಳು.

ಈ ವಿಚಾರವು ಆಟದ ಹಲಗೆಯ ಮೇಲೆಯೇ ನಿಲ್ಲುವುದಾಗಿದ್ದರೆ ಇಷ್ಟು ಬೆಳಸಬೇಕಾಗಿರಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಎಂದರೆ 1876ರಿಂದ 1878ರ ವರೆಗೆ, ಮೈಸೂರು ಸೀಮೆಯಲ್ಲಿಯೂ ಬಳ್ಳಾರಿಯನ್ನೊಳಗೊಂಡ ಮದರಾಸು ಪ್ರಾಂತದಲ್ಲಿಯೂ ಜನರು ಲಕ್ಷಗಟ್ಟಲೆ ಸತ್ತರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಸರಕಾರದ ವೆಚ್ಚವನ್ನು ತಗ್ಗಿಸಲು, ಕ್ಷಾಮದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಅಲ್ಪ ಕಾಸು ಸಾಕೆಂದು ಗೊತ್ತುಮಾಡಿದನು. ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ವಾದಿಸಿದನು. ಇಬ್ಬರೂ ಒಂದೇ ಸರಕಾರದ ನೌಕರರು, ಇಬ್ಬರೂ ಅಂಕಿಗಳನ್ನು ಬಲ್ಲವರು. ಒಬ್ಬನಿಗೆ ಅಂಕಿಯು ಬೊಕ್ಕಸವನ್ನು ತೋರಿಸಿತು. ಇನ್ನೊಬ್ಬನಿಗೆ ಅಂಕಿಯ ಹಿಂದೆ ನಿಂತ ಮೈಯನ್ನು ತೋರಿಸಿತು. ಟೆಂಪಲನು ಕಂಪ್ಯೂಟರಿನ ಆಟವನ್ನು ಆಡಿದವನಲ್ಲ. ಇಂತಹ ದೃಷ್ಟಿಯನ್ನು ಆಟವು ಹುಟ್ಟಿಸಿತೆನ್ನುವುದು ತಪ್ಪು. ದೊರೆಯ ಪೀಠದಲ್ಲಿ ಕುಳಿತವರಿಗೆ ಅದು ಹಿಂದಿನಿಂದಲೂ ಅಂಟಿಕೊಂಡು ಬಂದಿರುವುದು. ಆಟವು ಆ ಪೀಠವನ್ನು ಪ್ರತಿಯೊಂದು ಮನೆಗೂ ತಂದು ಕೊಟ್ಟಿದೆ, ಅಷ್ಟೇ.

ಹಾಗಾದರೆ ಇದನ್ನು ಕಲಿಯಬಾರದೆ? ಕಲಿಯಬಹುದು, ಕಲಿಯುವುದಾದರೆ ಪೂರ್ತಿಯಾಗಿ ಕಲಿಯತಕ್ಕುದು. ಅರ್ಧ ಕಲಿತವನಿಗೆ ನಿಯಮಗಳು ಬೆಟ್ಟ ಹೊಳೆಗಳಂತೆ ತಾವಾಗಿ ಇರುವುವೆಂದು ತೋರುವುವು. ಪೂರ್ತಿ ಕಲಿತವನು ಅವುಗಳನ್ನು ಯಾರೋ ಬರೆದರೆಂದು ತಿಳಿಯುವನು. ಈ ಆಟದಲ್ಲಿಯಾದರೆ ಹಲವು ನಿಯಮಗಳ ಸಂಖ್ಯೆಗಳು ಯಾರಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಕಡತಗಳಲ್ಲಿಯೇ ಇರುವುವು. ಒಬ್ಬನ ಪ್ರಾಣಕ್ಕೆ 30 ಸುತ್ತಿಗೆಯೆಂದು ಬರೆದುದು ಒಂದು ಕೈ. ಇನ್ನೊಂದು ಕೈ ಅದನ್ನು ಅಳಿಸಬಲ್ಲುದು. ಲೋಕದ ಆಡಳಿತದಲ್ಲಿಯೂ ‘ಇದೇ ಕ್ರಮ, ಬೇರೆ ದಾರಿಯಿಲ್ಲ’ ಎನ್ನುವವರ ಮುಂದೆ ‘ಈ ಕ್ರಮವನ್ನು ಬರೆದವರು ಯಾರು?’ ಎಂದು ಕೇಳುವ ಧೈರ್ಯವು ಇಲ್ಲಿಂದ ಬಂದರೆ ಆಟದಲ್ಲಿ ಕಳೆದ ಹೊತ್ತು ವ್ಯರ್ಥವಾಗಲಿಲ್ಲ.

ಚಿಕ್ಕ ಮಕ್ಕಳು ಹಟಮಾಡಿ ದೊಡ್ಡವರ ಆಟಕ್ಕೆ ಸೇರಿಕೊಂಡಾಗ ಅವರನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಇಟ್ಟುಕೊಳ್ಳುವುದು ಕನ್ನಡ ನಾಡಿನ ಅಂಗಳಗಳಲ್ಲಿ ಹಳೆಯ ಪದ್ಧತಿ. ಅದರಲ್ಲಿ ಪ್ರೀತಿಯಿದೆ; ಮಗುವು ಓಡಲಿ, ನಲಿಯಲಿ, ಸೋಲಿನ ನೋವು ಮಾತ್ರ ಅದಕ್ಕೆ ತಟ್ಟದಿರಲಿ ಎಂಬ ಭಾವವಿದೆ. ಸಾಮ್ರಾಜ್ಯದ ಆಟದಲ್ಲಿ ಪ್ರಜೆಯ ಸ್ಥಿತಿಯು ಇದಕ್ಕೆ ತಿರುಗಾಮುರುಗಾ. ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅವನ ಊಟ, ದುಡಿಮೆ, ಸಾವು ಎಲ್ಲವನ್ನೂ ಎಣಿಸುವರು. ಅವನಿಗೆ ಸರದಿಯನ್ನು ಮಾತ್ರ ಕೊಡುವುದಿಲ್ಲ. ಹಲಗೆಯ ಮೇಲೆ ಇದು ಹೀಗಲ್ಲದೆ ಬೇರೆಯಾಗಿರಲಾರದು; ಆಡುವವನು ಒಬ್ಬನೇ ತಾನೆ. ಹಲಗೆಯಿಂದ ಎದ್ದ ಮೇಲೆ ಲೋಕದಲ್ಲಿ ಪ್ರತಿಯೊಬ್ಬನಿಗೂ ಒಂದು ಸರದಿಯುಂಟೆಂಬುದು ನೆನಪಿದ್ದರೆ ಸಾಕು.

ಆ ನೆನಪನ್ನು ಉಳಿಸುವ ಹೊಣೆಯು ಮನೆಯ ಹಿರಿಯರದು. ಅದಕ್ಕೆ ಉಪದೇಶವು ಬೇಡ, ಆಟವನ್ನು ಕಸಿದುಕೊಳ್ಳುವುದೂ ಬೇಡ. ಹುಡುಗಿಯು ‘ಅವರೇ ಬರುತ್ತಾರೇನು?’ ಎಂದು ಕೇಳಿದಾಗ ನಕ್ಕು ಮುಂದಿನ ಸರದಿಗೆ ಕಳುಹಿಸದೆ, ‘ಇಲ್ಲ ಮಗು, ಅವರು ಬರುವುದಿಲ್ಲ’ ಎಂದು ನಿಜವನ್ನು ಹೇಳಿದರೆ ಆಯಿತು. ಅವಳು ಆಟವನ್ನು ಮುಂದುವರಿಸಬಹುದು; ಗೆಲ್ಲಲೂಬಹುದು. ಆದರೆ ಗ್ರಂಥಾಲಯವನ್ನು ಕಂಡಾಗಲೆಲ್ಲ ಆ ಇಬ್ಬರು ಅವಳ ಮನಸ್ಸಿಗೆ ಬರುವರು.